ಕೋಳಿ ಯಾರದು?

ಪೊಲೀಸ್ ವೆರಿಫಿಕೇಶನ್ ವರದಿಯನ್ನು ಆಫೀಸಿನ ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು, ದೇವರಾಜು ಸಾಹುಕಾರರು ದೊಡ್ಡದೊಂದು ನಿಟ್ಟುಸಿರು ಬಿಟ್ಟರು.

“ಧರ್ಮ, ನಿನ್ನ ಮೇಲೊಂದು ಕೇಸದಲ್ಲೋ! ಕೋಳಿ ಅಂಕದ್ದು. ಶಿಕ್ಷೇನೂ ಆಗ್ಯದೆ ಅಂತ ಬರೆದವ್ರೆ.”

ಎದುರು ನಿಂತಿದ್ದ ಧರ್ಮೇಂದ್ರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೋಮವಾರಪೇಟೆ ಕಡೆಯ ಆ ಕೋಳಿ ಕಾಳಗಕ್ಕೆ ಪೊಲೀಸರು ನುಗ್ಗಿದಾಗ, ತಮ್ಮ ಕೋಳಿಯನ್ನು ಇವನ ಕೈಗೆ ತುರುಕಿ, ಪಂಚೆ ಎತ್ತಿಕಟ್ಟಿ, ಕಾಫಿ ಗಿಡಗಳ ಸಂದಿಯಲ್ಲಿ ಕಾಲಿಗೆ ಬುದ್ಧಿ ಹೇಳಿದವರು ಇದೇ ಸಾಹುಕಾರರು. “ಕೋಳಿ ಯಾರದು?” ಎಂದು ಎಸ್ಸೈ ಗದರಿದಾಗ “ನಂದೇ ಸಾರ್” ಎಂದವನು ಇವನು. ಅನ್ನ ಹಾಕುವ ಧಣಿ ಎಂಬ ಅಭಿಮಾನ, ನೋಡಿ! ಕೋರ್ಟಿನಲ್ಲಿ ಸಾಹುಕಾರರ ವಕೀಲರು, “ತಪ್ಪಾಯ್ತು ಅಂತ ಒಪ್ಕೊಂಡ್ಬಿಡು, ದಂಡ ಕಟ್ಟಿ ಇವತ್ತೇ ಮನೆಗೆ ಹೋಗಾಣ” ಎಂದರು. ಒಪ್ಪಿಕೊಂಡ. ದಂಡವನ್ನು ಸಾಹುಕಾರರೇ ಕಟ್ಟಿದರು, ಹೋಟೆಲಿನಲ್ಲಿ ಊಟವನ್ನೂ ಕೊಡಿಸಿದರು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದ, ಪಾಪ.

ಈಗ ಸಾಹುಕಾರರು ಹೊರಗಿನ ಕಂಪನಿಯೊಂದರ ಜೊತೆ ಸೇರಿ ತಮ್ಮ ಕಾಫಿ ತೋಟದ ಅಂಚಿನಲ್ಲಿ ರೆಸಾರ್ಟ್ ಕಟ್ಟಿದ್ದಾರೆ. ಗೆಸ್ಟುಗಳನ್ನು ಕರೆತರುವ ಡ್ರೈವರ್ ಕೆಲಸ ಧರ್ಮೇಂದ್ರನಿಗೇ ಎಂದು ಮಾತಾಗಿತ್ತು. ತಿಂಗಳ ಸಂಬಳ, ಪಿಎಫ್, ಇರಲು ಕ್ವಾರ್ಟರ್ಸು. ತೋಟದ ಆಳುಗಳ ಸೋರುವ ಲೈನ್ ಮನೆ ಬಿಡುವ ಸಂಭ್ರಮದಲ್ಲಿ ಹೆಂಡತಿ ಮಾಲತಿ ಆಗಲೇ ಪಾತ್ರೆಪಡಗವೆಲ್ಲ ಗಂಟು ಕಟ್ಟಿ ಕೂತಿದ್ದಳು.

“ಆ ಕೇಸು ಹೆಂಗಾಯ್ತು ಅಂತ ನಿಮಗೇ ಗೊತ್ತಲ್ಲ ಸಾಹುಕಾರ್ರೇ. ಕಂಪನಿಯೋರಿಗೆ ಒಂದು ಮಾತು ಹೇಳಿ.”

“ಏನಂತ ಹೇಳ್ಲಿ? ಅವತ್ತು ನಾನೂ ಇದ್ದೆ ಅಂತಲಾ?” ಸಾಹುಕಾರರು ಕಣ್ಣು ಬಿಟ್ಟರು. “ಕಂಪನಿ ಮ್ಯಾನೇಜರ್ ರಂಜಿತಾ ಮೇಡಂ ಭಾರಿ ಸ್ಟ್ರಿಕ್ಟು ಕಣೋ. ಕೇಸಿರೋರು ಗೇಟೊಳಗೇ ಬರಕೂಡ್ದು ಅಂತಾರೆ. ನಾನು ಪಾಲುದಾರ, ಮರ್ಯಾದೆ ಪ್ರಶ್ನೆ.”

ಗಂಟು ಬಿಚ್ಚು ಎಂದು ಮಾಲತಿಗೆ ಯಾವ ಬಾಯಲ್ಲಿ ಹೇಳುವುದು ಎಂಬುದೇ ಧರ್ಮೇಂದ್ರನ ತಲೆಯಲ್ಲಿ ಸುತ್ತುತ್ತಿತ್ತು.

ಸಾಹುಕಾರರಿಗೂ ಕರುಳು ಚುರುಕ್ ಎಂದಿರಬೇಕು. ಮುಂದೆ ಬಾಗಿ ದನಿ ತಗ್ಗಿಸಿದರು. “ಬೇಜಾರ್ ಮಾಡ್ಕೋಬೇಡ. ನಾಳೆ ಕೊಡ್ಲಿಪೇಟೆ ಕಡೆ ಅಂಕ ಅದೆ. ನಮ್ಮ ಹುಂಜ ಕೆಂಪ ಹೊರಗೆ ಜೀಪಲ್ಲವ್ನೆ, ನನ್ನ ಕೈಯಾರೆ ಬಾದಾಮಿ ತಿನ್ಸಿ ತಯಾರ್ ಮಾಡಿದೀನಿ. ನೀನೇ ಹಿಡ್ಕೊಂಡು ಬಾ. ಹೆಂಗೂ ನಿನ್ನ ಮೇಲೆ ಒಂದು ಕೇಸದೆ, ಇನ್ನೊಂದು ಬಿದ್ರೆ ಏನಾಯ್ತದೆ?”

ಧರ್ಮೇಂದ್ರನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ “ಆಯ್ತು ಸಾಹುಕಾರ್ರೇ” ಎಂದು ಹೊರಗೆ ನಡೆದ. ಜೀಪಿನಲ್ಲಿದ್ದ ಬುಟ್ಟಿಯ ಹಗ್ಗ ಬಿಚ್ಚಿ, ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಮರಳಿ ಆಫೀಸಿಗೇ ಬಂದ. ಅಷ್ಟರಲ್ಲಿ ರಂಜಿತಾ ಮೇಡಂ ಬಂದು ಸಾಹುಕಾರರ ಎದುರು ಕೂತಿದ್ದರು. ಧರ್ಮೇಂದ್ರ ಕೆಂಪನನ್ನು ಮೆಲ್ಲಗೆ ನೆಲಕ್ಕೆ ಬಿಟ್ಟ.

“ಅಯ್ಯಯ್ಯೋ!” ಮೇಡಂ ಕಾಲು ಮೇಲೆತ್ತಿಕೊಂಡರು. “ಯಾರದ್ರೀ ಈ ಕೋಳಿ?”

ಧರ್ಮೇಂದ್ರ ಕೈಕಟ್ಟಿ ನಿಂತ. ಈ ಸಲ ತುಟಿ ಬಿಚ್ಚಲಿಲ್ಲ.

“ಯಾರದೋ ಏನೋ ಮೇಡಂ, ನಾನು ನೋಡೇ ಇಲ್ಲ” ಎಂದರು ಸಾಹುಕಾರರು.

ಕೆಂಪ ಕುತ್ತಿಗೆ ಕೊಂಕಿಸಿ ಒಬ್ಬೊಬ್ಬರನ್ನೇ ನೋಡಿತು. ಆಮೇಲೆ ರೆಕ್ಕೆ ಬಡಿದು, ಒಂದೇ ನೆಗೆತಕ್ಕೆ ಸಾಹುಕಾರರ ತೊಡೆಯೇರಿ, ಬಾದಾಮಿಗಾಗಿ ಅವರ ಅಂಗಿಯ ಜೇಬಿಗೆ ಕೊಕ್ಕು ಹಾಕಿತು.