ಆನೆಗೊಂಬೆ ಆಡಿದ ಮಾತು

ದಾವಣಗೆರೆಯ ಮಕ್ಕಳ ರಂಗಮನೆಯಲ್ಲಿ ನಾಟಕದ ಮಾತನ್ನು ಯಾರೂ ಬರೆಯುವುದಿಲ್ಲ. ಮಗು ಕೈಗೆ ತೊಟ್ಟ ಬಟ್ಟೆಗೊಂಬೆ, ಆ ಮಗು ಮನೆಯಲ್ಲಿ ಹೆಚ್ಚಾಗಿ ಕೇಳಿದ ಮಾತನ್ನೇ ತಾನಾಗಿ ಆಡುತ್ತದೆ. ಸುತ್ತ ಚಾಪೆಯ ಮೇಲೆ ಕೂತ ಅಪ್ಪ ಅಮ್ಮಂದಿರು ಅದಕ್ಕೆ ಉತ್ತರ ಕೊಡುತ್ತಾ ಹೋದರೆ ನಾಟಕ ಬೆಳೆಯುತ್ತದೆ.

ಆ ಭಾನುವಾರ ಮೊದಲ ಹುಡುಗನ ಮೊಲ "ಇನ್ನೊಂದು ತುತ್ತು ತಿನ್ನೋ ಬಂಗಾರ" ಎಂದಾಗ ಎಲ್ಲರೂ ನಕ್ಕರು. ಮುಂದಿನ ಸರದಿ ಷಡಕ್ಷರಿ ಮೇಷ್ಟ್ರ ಏಳು ವರ್ಷದ ಮಗಳು ಇಂಚರಳದು. ಅವಳ ಕೈಯಲ್ಲಿದ್ದ ಆನೆ ಮೇಷ್ಟ್ರ ದನಿಯಲ್ಲೇ ಗದರಿತು: "ದಡ್ಡಿ, ನಿನ್ ಕೈಲಿ ಏನಾಗ್ತತಿ?"

ಚಾಪೆಯ ಮೇಲೆ ಅವರ ಶಾಲೆಯ ಮಕ್ಕಳ ತಾಯಂದಿರೂ ಇದ್ದರು. ಷಡಕ್ಷರಿಯವರಿಗೆ ತಲೆ ಎತ್ತಲಾಗಲಿಲ್ಲ.

ಇಂಚರ ಗೊಂಬೆಯ ಬಾಯನ್ನು ಗಟ್ಟಿಯಾಗಿ ಮುಚ್ಚಿ, ಆಟ ಆಡಿಸುವ ಫಾತಿಮಾಳಿಗೆ ಹೇಳಿದಳು: "ಅಕ್ಕಾ, ಇದು ಕೆಟ್ಟೋಗೇತಿ. ನಮ್ಮಪ್ಪ ಹಂಗೆಲ್ಲ ಬೈಯಲ್ಲ."

ತಮ್ಮ ಮಾನ ಉಳಿಸಲು ಮಗಳು ಸುಳ್ಳು ಹೇಳಿದ್ದು ಅವರಿಗೆ ಇನ್ನೂ ಹೆಚ್ಚು ಚುಚ್ಚಿತು. ಫಾತಿಮಾ ಬೇರೆ ಗೊಂಬೆ ತರಲು ಹೊರಟಾಗ ಅವರು ಎದ್ದು ನಿಂತರು.

"ಬ್ಯಾಡಮ್ಮ, ಗೊಂಬೆ ಸರಿಯಾಗೇ ಐತಿ. ಅದು ನಾನು ದಿನಾ ಆಡೋ ಮಾತು."

"ಹಂಗಾದ್ರೆ ನಾನು ನಿಜವಾಗ್ಲೂ ದಡ್ಡೀನಾ ಅಪ್ಪಾ?" ಎಂದು ಇಂಚರ ಎಲ್ಲರ ಮುಂದೆಯೇ ಕೇಳಿದಳು.

"ಅಲ್ಲ ಕಣವ್ವಾ, ನೀ ದಡ್ಡಿ ಅಲ್ಲ," ಎಂದರು ಷಡಕ್ಷರಿ. ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.