ಮಂಚದಡಿಯ ತಡ್ಪೆ

ಮಕ್ಕಳ ಕಿವಿ ನೋಡಲು ಮನೆಮನೆಗೆ ಹೋಗುವ ಕೆಲಸ ನನ್ನದು; ಹೊಗೆಸೊಪ್ಪಿನ ಘಾಟು ಬಂದರೆ ಈಗಲೂ ಮೊದಲು ಮಂಚದಡಿ ನೋಡುತ್ತೇನೆ.

ಮಡಂತ್ಯಾರಿನ ನಮ್ಮ ಮನೆಗೆ ನನ್ನ ಬಾಲ್ಯದ ಒಂದು ಮಧ್ಯಾಹ್ನ ಒಬ್ಬರು ಡಾಕ್ಟರಮ್ಮ ಬಂದಿದ್ದರು. ಸಣ್ಣ ಮಕ್ಕಳ ಕಿವಿ ಮತ್ತೆ ಮತ್ತೆ ಸೋರುವುದನ್ನು ತಡೆಯುವುದು ಹೇಗೆಂದು ಅವರು ಊರೆಲ್ಲ ವಿಚಾರಿಸುತ್ತಿದ್ದರು. ಎಡಗಿವಿಗೆ ಹತ್ತಿ ಇಟ್ಟುಕೊಂಡು ನಾನು ಅಜ್ಜನ ಮಡಿಲಲ್ಲಿ ಕೂತಿದ್ದೆ.

"ಮನೆಯಲ್ಲಿ ಬೀಡಿ ಉಂಟಾ ಅಮ್ಮ?" ಎಂದು ಅವರು ಅಜ್ಜಿಯನ್ನು ಕೇಳಿದರು.

ಅಂಗಳದಲ್ಲಿ ಚಪ್ಪಲಿಯ ಸದ್ದು ಕೇಳಿದಾಗಲೇ ಅಜ್ಜಿ ಬೀಡಿ ಕಟ್ಟುವ ಮೊರವನ್ನು, ಅವಳ ತಡ್ಪೆಯನ್ನು, ಎಲೆ, ನೂಲು, ಹೊಗೆಸೊಪ್ಪಿನ ಸಮೇತ ಮಂಚದಡಿಗೆ ತಳ್ಳಿ ಹಳೆಯ ಸೀರೆ ಹೊದೆಸಿದ್ದಳು.

"ಬೀಡಿಯಾ? ನಮ್ಮಲ್ಲಿ ಇಲ್ಲ."

"ಹಾಗಾದರೆ ಮಗುವಿಗೆ ಹೊಗೆಯ ತೊಂದರೆ ಇಲ್ಲ," ಎಂದು ಡಾಕ್ಟರಮ್ಮ ಸಮಾಧಾನದಿಂದ ಎದ್ದರು.

ಅವರು ಗೇಟು ದಾಟುವವರೆಗೂ ಅಜ್ಜಿ ಕಿಟಕಿ ಬಿಡಲಿಲ್ಲ. "ಬೀಡಿ ಕಟ್ಟುವುದನ್ನು ನಿಲ್ಲಿಸಲಿಕ್ಕೇ ಬಂದದ್ದು ಇವರು. ಕೇಳುವುದು ಕಿವಿಯ ವಿಷಯ, ಕಣ್ಣು ನನ್ನ ತಡ್ಪೆಯ ಮೇಲೆ."

"ಕಿವಿಗೂ ಬೀಡಿಗೂ ಏನು ಸಂಬಂಧ ಮಾರಾಯ್ತಿ," ಎಂದ ಅಜ್ಜ.

ಆಮೇಲೆ ನನ್ನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಕಿವಿಯ ಹತ್ತಿಯನ್ನು ಮೆತ್ತಗೆ ಸರಿಮಾಡಿ, ಅಂಗಿಯ ಜೇಬಿನಿಂದ ಒಂದು ಬೀಡಿ ತೆಗೆದು ಹಚ್ಚಿದ.