ಮೂಕಿಯ ಭೂತ, ಟಾಕಿಯ ಭೂತ

ಕಾಳುಮೆಣಸಿನ ಕಷಾಯ ಕುದಿಯುವ ವಾಸನೆ ಬಂದರೆ ಈಗಲೂ ನಾನು ಒಳಕೋಣೆಯ ಕಡೆ ಕಿವಿಗೊಡುತ್ತೇನೆ.

ಹಂಗಾರಕಟ್ಟೆಯ ನಮ್ಮ ಮನೆಯಲ್ಲಿ ಅಕ್ಕ ಜ್ವರದಿಂದ ಮಲಗಿದ್ದಳು. ಅವಳ ಉಬ್ಬಸ ಜಗಲಿಗೂ ಕೇಳುತ್ತಿತ್ತು. ಡಾಕ್ಟರನ್ನು ಕರೆತರಲು ಹೋದ ದೋಣಿ ನೀರಿನ ಇಳಿತಕ್ಕೆ ಸಿಕ್ಕಿ ಹೊಳೆಯಾಚೆಯೇ ನಿಂತಿತ್ತು. ಬೊಂಬಾಯಿಯ ಹೋಟೆಲಿನಲ್ಲಿದ್ದ ಸೋದರಮಾವ ರಜೆಗೆ ಬಂದಿದ್ದರು. ಅವರೂ ಅಪ್ಪಯ್ಯನೂ ಜಗಲಿಯಲ್ಲಿ ಕೂತು ಒಂದು ಭೂತದ ಸಿನೆಮಾದ ಬಗ್ಗೆ ವಾದಿಸುತ್ತಿದ್ದರು. ಅಪ್ಪಯ್ಯ ಅದನ್ನು ಹಿಂದೆ ಡೇರೆಯಲ್ಲಿ ಮೂಕಿಯಾಗಿ ನೋಡಿದ್ದರು. ಅದೇ ಕಥೆಯನ್ನು ಮತ್ತೆ ಟಾಕಿಯಾಗಿ ತೆಗೆದದ್ದನ್ನು ಮಾವ ನೋಡಿದ್ದರು.

"ಬಾಯಿಲ್ದಿದ್ ಭೂತಕ್ಕೆ ಯಾರ್ ಹೆದ್ರ್ತ್ರ್ ಭಾವ? ಟಾಕಿಯಂಗೆ ಅದ್ ಕೂಗುದ್ ಕೇಂಡ್ ಹೆಂಗಸ್ರೆಲ್ಲ ಎದ್ದ್ ಓಡಿರ್."

"ಅವ್ರಿಕಿಂತ ಮುಂದೆ ನೀ ಓಡಿದ್ಯಾ ಎಂತ?" ಎಂದರು ಅಪ್ಪಯ್ಯ.

ಅಮ್ಮ ಕಷಾಯ ಹಿಡಿದು ಬಾಗಿಲಿಗೆ ಬಂದು ಸುಮ್ಮನಿರುವಂತೆ ಸನ್ನೆ ಮಾಡಿದಳು. ಒಳಗಿನಿಂದ ಅಕ್ಕನೇ ಹೇಳಿದಳು: "ಜೋರ್ ಹೇಳಿ ಮಾವ, ನಂಗೂ ಕೇಂಬುಕ್ ಬೇಕ್."

ಮಾವ ಅವಳನ್ನೇ ತೀರ್ಪು ಕೇಳಿದರು.

"ಕೂಗು ಭೂತ ಎಲ್ಲಿತ್ತ್ ಅಂದೇಳಿ ಗೊತ್ತಾತ್ತ್. ಸುಮ್ನಿಪ್ಪುದೇ ಹೆದ್ರಿಕಿ," ಎಂದಳು.

ಅಪ್ಪಯ್ಯ ಗೆದ್ದವರಂತೆ ತೊಡೆ ತಟ್ಟಿಕೊಂಡರು. ವಾದ ಮತ್ತೆ ಏರಿತು. ನಾನು ಅಕ್ಕನ ಹಣೆಗೆ ಹಾಕುವ ಬಟ್ಟೆ ಒದ್ದೆ ಮಾಡಲು ಬಾವಿಕಟ್ಟೆಗೆ ಹೋಗಿ ಬಂದೆ.

ಬಂದಾಗ ಇಬ್ಬರೂ ಮಾತು ನಿಲ್ಲಿಸಿದ್ದರು. ಉಬ್ಬಸ ಕೇಳುತ್ತಿರಲಿಲ್ಲ.

ಅಪ್ಪಯ್ಯ ಒಳಗೆ ನೋಡಲಿಲ್ಲ. ಮಾವನ ಮಣಿಕಟ್ಟು ಹಿಡಿದುಕೊಂಡು, "ಮಾತಾಡಾ, ನಿಲ್ಸ್‌ಬೇಡ," ಎಂದರು.

ಮಾವನ ತುಟಿಗಳು ಅಲುಗಿದವು. ಸ್ವರ ಬರಲಿಲ್ಲ.